ಎಡಗೈಯ ಚಹಾ

ಲಾಸೆಮ್,
ಆಗಸ್ಟ್ 9

ಮುದ್ದಿನ ವೆನಿಂಗ್,

ಸುರಬಾಯದಲ್ಲಿ ನೀನು ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯೆಂದು ನಂಬಿ ಬರೆಯುತ್ತಿದ್ದೇನೆ. ಇಲ್ಲಿ ನನ್ನ ಪೆಚೆಲ್ ಅಂಗಡಿ ಚೆನ್ನಾಗಿದೆ. ಬೇಯಿಸಿದ ಸೊಪ್ಪಿನ ಮೇಲೆ ಸುರಿಯುವ ಶೇಂಗಾ ಚಟ್ನಿ ಅರೆಯುವುದು ಈಗಲೂ ಒರಳಲ್ಲೇ. ಚಿಲ್ಲರೆಗೆ ಮಾತ್ರ ಹಿತ್ತಾಳೆ ತಟ್ಟೆ ಇಟ್ಟಿದ್ದೇನೆ; ಕೈಗೆ ಕೈ ತಾಗದು, ಬಹಳ ಶುಚಿ ಎಂದು ಗಿರಾಕಿಗಳು ಹೊಗಳುತ್ತಾರೆ. ಹೊಗಳಲಿ ಬಿಡು.

ಬರೆದದ್ದು ನಿನ್ನ ಭಾವೀ ಅತ್ತಿಗೆಯ ವಿಷಯಕ್ಕೆ. ಕಿನಾಂತಿಯಷ್ಟು ಸಣ್ಣಗೆ ಬಾಟಿಕ್ ಬಟ್ಟೆಯ ಮೇಲೆ ಮೇಣದ ಗೆರೆ ಎಳೆಯುವವರು ಈ ಊರಲ್ಲಿಲ್ಲ, ಒಪ್ಪಿದೆ. ಆದರೆ ಕಳೆದ ತಿಂಗಳು ನನಗೆ ಚಹಾ ಕೊಟ್ಟದ್ದು ಎಡಗೈಯಲ್ಲಿ. ಅತ್ತೆಯಾಗುವವಳಿಗೆ! ನಕ್ಕು ಕುಡಿದೆ, ಮರೆಯಲಿಲ್ಲ. ಪಕ್ಕದ ಮನೆ ಮದುವೆಗೆ ಬೀದಿಯ ಹೆಂಗಸರೆಲ್ಲ ಹಲಸು ಹೆಚ್ಚುತ್ತಿದ್ದರೆ ಇವಳು ಮೆಲ್ಲಗೆ ಎದ್ದು ಹೋದಳು. "ಬಾಟಿಕ್ ರಾಣಿಗೆ ಚಾಕು ಭಾರ ಆಯ್ತೇನೋ!" ಎಂದು ಸುಮಿನೆಮ್ ಎಲ್ಲರೆದುರು ಕುಟುಕಿದಳು. ಜಡೆ ಹೆಣೆಯುವುದನ್ನೂ ಬಿಟ್ಟಿದ್ದಾಳೆ. ಕೊನೆಗೆ ನೋಡಿದರೆ ಬೆರಳಲ್ಲಿ ನಾವು ತೊಡಿಸಿದ ಉಂಗುರವೇ ಇಲ್ಲ. ಇವಳ ಮನಸ್ಸು ಬೇರೆ ಕಡೆ ಇದೆ ಎಂದು ಲೆಕ್ಕ ಹಾಕಿದೆ. ನಿನ್ನಣ್ಣ ಜಾತ್ಮಿಕೊಗೆ ಹೇಳಿದರೆ, "ನಿಂಗೆ ಎಲ್ಲರ ಮೇಲೂ ಅನುಮಾನಾನೇ ಅಮ್ಮ" ಎಂದು ಎದ್ದು ಹೋದ.

ಉಂಗುರ ವಾಪಸು ಕೇಳಿ ಮದುವೆ ಮುರಿಯಲೆಂದೇ ನಿನ್ನೆ ಹೇಳದೆ ಅವಳ ಮನೆಗೆ ಹೋದೆ. ಮೇಣದ ಒಲೆಯ ಮುಂದೆ ಕೂತು, ಒದ್ದೆ ಕೈ ಕೊಡವುವಂತೆ ಬಲಗೈ ಕೊಡವುತ್ತಿದ್ದಳು. ಕೈ ಒದ್ದೆ ಇರಲಿಲ್ಲ. ಮತ್ತೆ ಗೆರೆ ಎಳೆಯತೊಡಗಿದಾಗ ಬಿಸಿ ಮೇಣ ಅವಳ ತೋರುಬೆರಳ ಮೇಲೆ ಬಿತ್ತು. ಅವಳು ಕದಲಲಿಲ್ಲ.

"ಸುಡಲಿಲ್ವೇನೇ?" ಎಂದೆ.

"ಏನಮ್ಮಾ?" ಎಂದಳು.

ಬೆರಳು ಹಿಡಿದು ತೋರಿಸಿದೆ. ಆಮೇಲೆ ಅತ್ತಳು. ಮಣಿಕಟ್ಟಿನೊಳಗೆ ನರ ಒತ್ತಿಕೊಂಡಿದೆಯಂತೆ. ಬೆರಳು ಜೋಮು ಹಿಡಿಯುತ್ತದೆ, ಲೋಟ ಜಾರುತ್ತದೆ, ಬೆರಳು ಊದಿದಂತಾಗಿ ಉಂಗುರ ಬಿಗಿಯುತ್ತದೆ. "ಗೆರೆ ಎಳೆಯೋಕಾಗದ ಸೊಸೆ ನಿಮಗ್ಯಾಕೆ ಅಂತೀರೇನೋ ಅಂತ ಮುಚ್ಚಿಟ್ಟೆ" ಎಂದಳು. ಉಂಗುರ ಕೊರಳ ದಾರದಲ್ಲಿತ್ತು.

"ಅಲ್ಲೇ ಇರಲಿ, ಬೀಳಲ್ಲ" ಎಂದೆ. ಅವಳು ಎಡಗೈಯಲ್ಲೇ ಚಹಾ ಕೊಟ್ಟಳು. ಈ ಸಲ ಎರಡು ಲೋಟ ಕುಡಿದೆ. ಮದುವೆಗೆ ರಜೆ ಹಾಕು.

ಎಂದೂ ನಿನ್ನ,
ಅಮ್ಮ ಪರ್ತಿನಾ

ಮರೆತದ್ದು: ಅಕ್ಷರ ಯಾಕೆ ಹೀಗೆ ಸೊಟ್ಟಗಿದೆ ಎಂದು ಅಣ್ಣನನ್ನು ಕೇಳಬೇಡ. ಇಡೀ ಕಾಗದ ಎಡಗೈಯಲ್ಲಿ ಬರೆದಿದ್ದೇನೆ. ಹಿತ್ತಾಳೆ ತಟ್ಟೆ ಇಟ್ಟದ್ದೂ ಶುಚಿಗಲ್ಲ; ನನ್ನ ಬಲಗೈಯಿಂದಲೂ ಚಿಲ್ಲರೆ ಜಾರುತ್ತದೆ. ಗುರುವಾರ ಕಿನಾಂತಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೇನೆ ಎಂದು ಬೀದಿಗೆಲ್ಲ ಹೇಳಿದ್ದೇನೆ. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ಅವಳಿಗೆ ಮಾತ್ರ ಗೊತ್ತು.