ಗೋಡೌನಿನ ನಲ್ಲಿ

ಮೇ 9
ಮೇಲಿನ ಓಣಿಗೆ ನೀರು ಬಿಟ್ಟೆ, ಆಮೇಲೆ ಕೆಳಗಿನ ಓಣಿಗೆ. ಎಂದಿನ ಬೈಗುಳ. ಇವರಿಗೆ ಜಾಸ್ತಿಯಂತೆ, ಅವರಿಗೆ ಕಮ್ಮಿಯಂತೆ. ಊರಿಗೆ ನೀರು ಬಿಡುವವನ ಬಾಯಿ ಯಾವಾಗಲೂ ಒಣ.
ಸಂಜೆ ತಮ್ಮ ಬಂದ. ಹೆಂಡತಿ, ಮಗಳು ಜೊತೆಗೆ. ಲಾಕ್‌ಡೌನಿನಿಂದ ನಗರದಲ್ಲಿ ಪೇಂಟಿಂಗ್ ಕೆಲಸ ನಿಂತುಹೋಗಿದೆ. ಅರ್ಧ ದಾರಿ ಲಾರಿ, ಅರ್ಧ ಕಾಲ್ನಡಿಗೆ. ಊರೊಳಗೆ ಬಿಡಲಿಲ್ಲ. ರೋಗ ಇಲ್ಲವೆಂದು ಖಾತ್ರಿಯಾಗುವ ತನಕ ಊರಾಚೆಯ ಹಳೇ ಗೋಡೌನೇ ಗತಿ. ಬೇಲಿಯಾಚೆಯಿಂದ ಕೈ ಬೀಸಿದ. ಮಗು ನನ್ನ ಗುರುತು ಹಿಡಿಯಲಿಲ್ಲ. ಮಾಸ್ಕ್ ಇತ್ತಲ್ಲ...

ಮೇ 12
ಪಂಚಾಯಿತಿ ಅಧ್ಯಕ್ಷರು ಕರೆಸಿದರು. "ಗೋಡೌನಿನ ಲೈನ್ ಬಂದ್ ಮಾಡು. ಒಂದೇ ಪೈಪು. ಅವರ ರೋಗ ನಮ್ಮನೆಗೂ ಬರುತ್ತೆ."
"ನೀರು ಹಿಂದಕ್ಕೆ ಹರಿಯಲ್ಲ, ಅಧ್ಯಕ್ಷರೇ."
"ತಮ್ಮ ಅಲ್ಲಿದಾನೆ ಅಂತ ಹೀಗಂತೀಯ. ಟ್ಯಾಂಕರ್ ಕಳಿಸ್ತೀವಿ ಬಿಡು. ಆಗಲ್ಲ ಅಂದ್ರೆ ಹೇಳು, ನಿನ್ನ ಕೆಲಸಕ್ಕೆ ಬೇರೆ ಜನ ಇದಾರೆ."
ಹೋಗಿ ವಾಲ್ವ್ ತಿರುಗಿಸಿದೆ.

ಮೇ 13, ಬೆಳಗ್ಗೆ
ತಮ್ಮನ ಫೋನ್. "ಅಣ್ಣಾ, ನಲ್ಲೀಲಿ ಬರೀ ಗಾಳಿ."
"ಮೋಟರ್ ಸುಟ್ಟಿದೆ ಕಣೋ."
"ಊರಿಗೇ ನೀರಿಲ್ವಾ?"
"ಊರಿಗೇ ಇಲ್ಲ."
"ಹಂಗಾದ್ರೆ ಇವತ್ತು ನಿನಗೆ ಮಂಗಳಾರತಿ" ಎಂದು ನಕ್ಕ.
ನನ್ನ ಬೆನ್ನ ಹಿಂದೆ ನಮ್ಮನೆ ನಲ್ಲಿಯಲ್ಲಿ ಹೆಂಡತಿಯ ಕೊಡ ತುಂಬುತ್ತಿತ್ತು. ಸದ್ದು ಕೇಳಿಸದಂತೆ ಫೋನಿಗೆ ಕೈ ಅಡ್ಡ ಹಿಡಿದೆ.

ಮೇ 15
ಟ್ಯಾಂಕರ್ ಒಂದು ಸಲ ಬಂತು, ಆಮೇಲೆ ಇಲ್ಲ. ಡ್ರೈವರಿಗೆ ಹೆದರಿಕೆ. ಸೈಕಲ್ಲಿಗೆ ಕ್ಯಾನ್ ಕಟ್ಟಿ ಹೊರಟೆ. ಗೋಡೌನಿನ ದಾರಿ ಕಾಯುವವರು ತಡೆದು ನೀರು ಚೆಲ್ಲಿದರು.
"ವಾಲ್ವ್ ತೆಗೀರಿ ಅಂದ್ರೆ" ಎಂದಳು ಹೆಂಡತಿ.
"ಕೆಲಸ ಹೋಗುತ್ತೆ."
"ಹೋಗ್ಲಿ!"
ನಾಳೆ ನೋಡೋಣ ಎಂದೆ.

ಮೇ 19
ಬರೆಯಲು ಕೈ ಬಂದಿರಲಿಲ್ಲ. ಹದಿನಾರರ ಬೆಳಗ್ಗೆ ತಮ್ಮನ ಹೆಂಡತಿ ನೀರಿಗೆಂದು ಬಕೆಟ್ ಹಿಡಿದು ಗೋಡೌನಿನ ಹಿಂದಿನ ಕಲ್ಲುಕ್ವಾರಿಯ ಹೊಂಡಕ್ಕೆ ಇಳಿದಳು. ಕಾಲು ಜಾರಿತು. ತಮ್ಮನ ಕೂಗು ಊರಿಗೆಲ್ಲ ಕೇಳಿಸಿತು. ಹಗ್ಗ ಹಿಡಿದು ಒಬ್ಬರೂ ಬರಲಿಲ್ಲ. ಬೇಲಿ ಹಾರಿ ಓಡಿದೆ. ಅಷ್ಟರಲ್ಲಿ ಅವನೇ ಅವಳನ್ನು ದಡಕ್ಕೆ ಎಳೆದಿದ್ದ. ಉಸಿರಿರಲಿಲ್ಲ.
ಮಣ್ಣಿಗೆ ನಾವಿಬ್ಬರೇ.
ಅವರನ್ನು ಮುಟ್ಟಿದ್ದಕ್ಕೆ ನಾನೂ ಈಗ ಗೋಡೌನಿನಲ್ಲಿ. ಅವತ್ತೇ ಮಧ್ಯಾಹ್ನ ನಲ್ಲಿಗೆ ನೀರು ಬಂತು. ಅಧ್ಯಕ್ಷರೇ ಬಿಡಿಸಿದರಂತೆ.
ತಮ್ಮ ನೋಡುತ್ತ ಕೂತ. "ಮೋಟರ್ ರಿಪೇರಿ ಆಯ್ತಲ್ಲ ಅಣ್ಣ. ಒಂದು ಹೊತ್ತು ಮುಂಚೆ ಆಗಿದ್ರೆ... ಹೋಗ್ಲಿ ಬಿಡು, ನೀನೇನು ಮಾಡ್ತಿದ್ದೆ."

ಮೇ 20
ಬೆಳಗ್ಗೆ ಹೇಳಿದೆ. ಮೋಟರ್ ಸುಟ್ಟಿರಲಿಲ್ಲ, ತಿರುಗಿಸಿದ್ದು ಈ ಕೈಯೇ ಎಂದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗುವನ್ನು ಎತ್ತಿಕೊಂಡು ಗೋಡೌನಿನ ಆ ತುದಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತ.
ಈಗ ಸಂಜೆ. ಮಗು ಈಚೆ ಓಡಿ ಬಂತು. "ದೊಡ್ಡಪ್ಪಾ, ನೀರು."
ಲೋಟ ತುಂಬಿಸಿ ಕೊಟ್ಟೆ. ತುಟಿಗಿಟ್ಟವಳು ಅಪ್ಪನ ಕಡೆ ನೋಡಿದಳು. ಲೋಟ ಹಾಗೇ ಅವಳ ಕೈಯಲ್ಲಿದೆ. ಅವನು ಎದ್ದು ಬರುತ್ತಿದ್ದಾನೆ —