ಡೆಸ್ಸಿ ಯಾಕೆ ಬೊಗಳಲಿಲ್ಲ

ಜುಲೈ ಹದಿನಾಲ್ಕು, ಮಂಗಳವಾರ. ಜೊಹಾನ್ಸ್‌ಬರ್ಗ್. ನಿದ್ದೆ ಬರುತ್ತಿಲ್ಲ, ಫೋನಿಗೇ ಹೇಳಿಕೊಳ್ಳುತ್ತಿದ್ದೇನೆ.

ಮೇಡಂ ಮನೆಯ ನಾಯಿ ಡೆಸ್ಸಿ ಸತ್ತಳು. ಹಾಡಹಗಲೇ ಕಳ್ಳರು ವಿಷದ ಮಾಂಸ ಹಾಕಿದರು. ಮೇಡಂ ಕೆಲಸಕ್ಕೆ ಹೋಗಿದ್ದರು, ನಾನು ತೋಟಕ್ಕೆ ಗೊಬ್ಬರ ತರಲು ಹೋಗಿದ್ದೆ.

ನಾನು ಮಲಾವಿಯಿಂದ ಈ ಮನೆಯ ತೋಟದ ಕೆಲಸಕ್ಕೆ ಬಂದ ಹೊಸದರಲ್ಲಿ, ಇಲ್ಲಿನ ತೋಟಗಾರರೆಲ್ಲ ತೊಡುವ ನೀಲಿ ಬಟ್ಟೆ ಕಂಡರೆ ಸಾಕು, ಸಿಗಿದು ಹಾಕುವಂತೆ ಮೈಮೇಲೆ ಬರುತ್ತಿದ್ದಳು. ನಾನು ಹೊಡೆಯಲಿಲ್ಲ. ಬೊಗಳದೆ ಕೂತಾಗಲೆಲ್ಲ ಒಂದು ಚೂರು ಮಾಂಸ ಕೊಟ್ಟು ಬೆನ್ನು ಸವರಿದೆ. ಪಕ್ಕದ ಮನೆ ತೋಟಗಾರ ಟಪ್ಫುಮಾ ಗೋಡೆಯಾಚೆಯಿಂದ ನಗುತ್ತಿದ್ದ: "ಏನೋ ಲಿಂಬಾನಿ, ನಾಯಿಗೆ ಮಾಂಸ, ನಿಂಗೆ ಬರೀ ಗಂಜಿನಾ?" ಎರಡೇ ತಿಂಗಳು. ಆಮೇಲೆ ನೀಲಿ ಬಟ್ಟೆಯವರು ಯಾರೇ ಬಂದರೂ ತೆಪ್ಪಗೆ ಕೂರುತ್ತಿದ್ದಳು. ನಾನು ಬೀಗುತ್ತಿದ್ದೆ.

ಎದುರುಮನೆಯ ಕ್ಯಾಮೆರಾದಲ್ಲಿ ಮೇಡಂ ಜೊತೆ ನೋಡಿದೆ. ಕಳ್ಳರಿಬ್ಬರೂ ನೀಲಿ ಬಟ್ಟೆಯಲ್ಲಿದ್ದರು. ಡೆಸ್ಸಿ ಗೇಟಿನ ಹತ್ತಿರ ನೆಟ್ಟಗೆ ಕೂತು, ಬಾಲ ಆಡಿಸುತ್ತಾ, ಅವರ ಕೈಯನ್ನೇ ನೋಡುತ್ತಿದ್ದಳು.

"ಅಯ್ಯೋ, ಯಾಕೋ ಬೊಗಳಲಿಲ್ಲ ಇವಳು?" ಎಂದರು ಮೇಡಂ.

ನಾನು ಗುಂಡಿ ತೋಡಲು ಹೋದೆ.

ಮಣ್ಣು ಮುಚ್ಚಿದ ಮೇಲೆ ಅವರು ನನ್ನ ಭುಜ ಹಿಡಿದು ಅತ್ತರು. "ನೀನೊಬ್ನೇ ಕಣೋ ಅವಳನ್ನ ಪ್ರೀತಿಯಿಂದ ನೋಡ್ಕೊಂಡಿದ್ದು. ಹೊಸ ಮರಿ ತರ್ತೀನಿ. ಅದಕ್ಕೂ ನೀನೇ ಕಲಿಸ್ಬೇಕು."

ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಆಯ್ತು ಮೇಡಂ" ಎಂದೆ.