ಕುತ್ತಿಗೆಯ ಬಟ್ಟೆ ಬಿಚ್ಚಿದ ಮೇಲೆ

ಅರ್ಧ ಗಡ್ಡದ ಅಣ್ಣನಿಗೆ,

ಹೀಗೆ ಕರೆದದ್ದಕ್ಕೆ ನೀವು ನಗುತ್ತೀರೋ ಮುಖ ಗಂಟು ಹಾಕಿಕೊಳ್ಳುತ್ತೀರೋ ಗೊತ್ತಿಲ್ಲ. ಒಂದು ವರ್ಷದಿಂದ ಮನಸ್ಸಿನಲ್ಲಿ ಹೀಗೇ ಕರೆದು ಅಭ್ಯಾಸವಾಗಿಬಿಟ್ಟಿದೆ. ಹೋದ ಕ್ರಿಸ್‌ಮಸ್ಸಿನ ಹಿಂದಿನ ದಿನ, ರೈಲು ನಿಲ್ದಾಣದ ಹಿಂದೆ ಮನೆಯಿಲ್ಲದವರಿಗಾಗಿ ಇರುವ ತಂಗುದಾಣದ ಹಜಾರದಲ್ಲಿ ನಿಮ್ಮ ಬಲಗೆನ್ನೆ ಬೋಳಿಸಿ, ಎಡಗೆನ್ನೆಯ ಗಡ್ಡ ಹಾಗೇ ಇರುವಾಗಲೇ ನೀವು ಎದ್ದು ಹೋಗುವಂತೆ ಮಾಡಿದ ಕ್ಷೌರದ ಹೆಂಗಸು ನಾನು. ಮರುದಿನ ಬಸ್ ನಿಲ್ದಾಣದಲ್ಲಿ ನೀವು ನನ್ನನ್ನೊಂದು ಪ್ರಶ್ನೆ ಕೇಳಿದಿರಿ. ಊರೆಲ್ಲ ಮಾತಿನ ಮಲ್ಲಿ ಅನ್ನುವ ನಾನು ಅದಕ್ಕೆ ಉತ್ತರ ಕೊಡಲಾಗದೆ ಕಂಬದಂತೆ ನಿಂತೆ. ಆ ಉತ್ತರ ಇನ್ನೂ ನನ್ನ ಗಂಟಲಲ್ಲೇ ಇದೆ. ತಂಗುದಾಣದ ಅಡುಗೆಯಮ್ಮನನ್ನು ಕಾಡಿ ಬೇಡಿ ನಿಮ್ಮ ಮಗಳ ಮನೆಯ ವಿಳಾಸ ಇಸಿದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ಅಪ್ಪನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಿಕ್ಕದ್ದರ ತಲೆಬುಡ ತಿಳಿಯುವುದಿಲ್ಲ. ಅಪ್ಪನ ಅಂಗಡಿಯೆಂದರೆ ಎರಡು ಕುರ್ಚಿ, ಮೂಲೆ ಒಡೆದ ಒಂದು ಕನ್ನಡಿ, ಅದರ ಮೇಲೊಂದು ಮರದ ಶಿಲುಬೆ. ಕ್ರಿಸ್‌ಮಸ್ಸಿಗೆ ಮುಂಚಿನ ಇಡೀ ವಾರ, ಗಿರಾಕಿಗಳು ಸಾಲುಗಟ್ಟುವ ಹೊತ್ತಿಗೆ ಸರಿಯಾಗಿ, ಮಧ್ಯಾಹ್ನ ಬಾಗಿಲು ಹಾಕಿ ಚೀಲ ಹೆಗಲಿಗೇರಿಸಿಕೊಂಡು ತಂಗುದಾಣಕ್ಕೆ ಹೊರಟುಬಿಡುತ್ತಿದ್ದರು. "ಮನೆಯವರ ತಲೆ ಕಾಡಾಗಿದೆ, ಇವರು ಊರವರ ತಲೆ ನೋಡೋಕೆ ಹೊರಟ್ರು" ಎಂದು ಅಮ್ಮ ಪಾತ್ರೆ ಕುಕ್ಕುತ್ತಿದ್ದಳು. ಅಲ್ಲಿ ಅಪ್ಪ ಬಂದವರ ಕೂದಲು ಕತ್ತರಿಸುವರು, ಗಡ್ಡ ತೆಗೆಯುವರು, ಹೇನು ಹೆಕ್ಕುವರು. ಬಗ್ಗಲಾಗದ ಮುದುಕರಿದ್ದರೆ ನೆಲದ ಮೇಲೆ ಮಂಡಿಯೂರಿ ಕಾಲುಗುರು ತೆಗೆಯುವರು. ಬಾಯಿಂದ ಮಾತ್ರ ಯೇಸುವಿನ ಹೆಸರು ಒಂದು ಸಲವೂ ಹೊರಡುತ್ತಿರಲಿಲ್ಲ.

ನಮ್ಮ ಚರ್ಚಿನ ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ. ಮನೆಗೇ ಬಂದು ಕೇಳಿದರು: "ಅಷ್ಟೊಂದು ಜನ ನಿನ್ನ ಕೈಗೆ ತಲೆ ಕೊಟ್ಟು ಕೂತಿರ್ತಾರೆ. ಒಬ್ಬರಿಗಾದ್ರೂ ಯೇಸುವಿನ ಮಾತು ಹೇಳಬಾರದೇನಯ್ಯಾ?" ಅಪ್ಪ ಬ್ರಷ್ಷು ತೊಳೆಯುತ್ತಾ ಹೇಳಿದ್ದು ನನಗೆ ಇವತ್ತೇ ಕೇಳಿದ ಹಾಗಿದೆ. "ಅವರ ಕುತ್ತಿಗೆ ಮೇಲೆ ನನ್ನ ಕತ್ತಿ ಇರುತ್ತೆ ಅಯ್ಯಾ. ಆವಾಗ ನಾನು ಏನು ಹೇಳಿದ್ರೂ ಅವರು ಹೂಂ ಅನ್ನಲೇಬೇಕು. ಅಂಥಾ ಹೂಂ ಇಟ್ಕೊಂಡು ದೇವರು ಏನು ಮಾಡ್ತಾನೆ? ಬಟ್ಟೆ ಬಿಚ್ಚಲಿ, ಎದ್ದು ನಿಲ್ಲಲಿ, ಅವರಾಗಿ ಕೇಳಲಿ. ಆಗ ಹೇಳ್ತೀನಿ." ಹಾಗೆ ಎದ್ದು ನಿಂತು ಕೇಳಿದವರು ಮೂವತ್ತು ವರ್ಷದಲ್ಲಿ ಬೆರಳೆಣಿಕೆಯಷ್ಟು. ಅಪ್ಪನಿಗೆ ಅದರ ಚಿಂತೆಯಿರಲಿಲ್ಲ, ನನಗಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಅಂಗಡಿ ನನ್ನ ಪಾಲಿಗೆ ಬಂತು, ಚೀಲವೂ ಬಂತು. ಡಿಸೆಂಬರಿನಲ್ಲಿ ಅದೇ ಹಿರಿಯರು ನನ್ನ ಹತ್ತಿರ ಬಂದು, "ಅಪ್ಪ ಸಾಧು ಮನುಷ್ಯ, ಬಾಯಿ ಇರಲಿಲ್ಲ. ನಿನಗೆ ದೇವರು ಒಳ್ಳೇ ಬಾಯಿ ಕೊಟ್ಟಿದ್ದಾನೆ" ಎಂದರು. ಅಣ್ಣಾ, ನಾನು ಉಬ್ಬಿಹೋದೆ. ಅಪ್ಪನಿಂದ ಆಗದ್ದನ್ನು ನಾನು ಮಾಡಿ ತೋರಿಸುತ್ತೇನೆ ಎಂಬ ಹಮ್ಮು ತಲೆಗೇರಿತು. ಅಪ್ಪನ ಕತ್ತಿ ಹಿಡಿದುಕೊಂಡು ಅಪ್ಪನ ಮಾತನ್ನೇ ಗಾಳಿಗೆ ತೂರಿದೆ.

ಆ ಮಧ್ಯಾಹ್ನ ನೀವು ಬಂದು ಕೂತದ್ದು ನೆನಪಿದೆ. ಎರಡು ತಿಂಗಳ ಗಡ್ಡ, ಮಾತು ಕಡಿಮೆ. "ಪೂರ್ತಿ ತೆಗೆದುಬಿಡಮ್ಮಾ" ಅಂದಿರಿ, ಅಷ್ಟೆ. ಬಲಗೆನ್ನೆ ಮುಗಿಸಿ, ನಿಮ್ಮ ಗದ್ದ ಮೇಲಕ್ಕೆತ್ತಿ, ಗಂಟಲ ಕೆಳಗೆ ಕತ್ತಿ ಇಟ್ಟೆ. ಆಗಲೇ ನನ್ನ ಬಾಯಿ ಬಿಚ್ಚಬೇಕೇ? "ಕುಡಿದು ಸಂಸಾರ ಹಾಳು ಮಾಡ್ಕೊಂಡವರನ್ನೂ ಯೇಸು ಕ್ಷಮಿಸ್ತಾನೆ ಅಣ್ಣಾ. ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಸಾಕು" ಎಂದೆ. ನೀವು ಅಲುಗಾಡಲಿಲ್ಲ. ಅಲುಗಾಡುವುದಾದರೂ ಹೇಗೆ? "ಕತ್ತಿ ತೆಗಿಯಮ್ಮಾ" ಅಂದಿರಿ. ತೆಗೆದೆ. ಎದ್ದು ನಿಂತು ಎಡಗೆನ್ನೆಯ ನೊರೆ ತೋಳಿನಿಂದ ಒರೆಸಿಕೊಂಡಿರಿ. "ನಾನು ಕುಡಿದದ್ದನ್ನ ನೀನು ಯಾವಾಗ ನೋಡಿದೆ?" ಎಂದು ಕೇಳಿದಿರಿ. ದನಿ ಏರಿಸಲಿಲ್ಲ. ಕುತ್ತಿಗೆಯ ಬಟ್ಟೆ ಬಿಚ್ಚಿ, ನಾಲ್ಕು ಮಡಿಕೆ ಮಡಚಿ, ಕುರ್ಚಿಯ ಮೇಲಿಟ್ಟು ಹೊರಗೆ ಹೋದಿರಿ. ಬೈದು ಹೋಗಿದ್ದರೆ ನಾನೂ ಎರಡು ಮಾತು ತಿರುಗಿಸಿ ಆಡುತ್ತಿದ್ದೆನೇನೋ. ಆ ಮಡಚಿಟ್ಟ ಬಟ್ಟೆಯನ್ನು ಬಿಚ್ಚದೆ ಹಾಗೇ ಚೀಲಕ್ಕೆ ಹಾಕಿದೆ.

ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. "ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ನಾಳೆ ಹತ್ತು ಗಂಟೆ ಬಸ್ಸಿಗೆ ಅವರ ಮಗಳು ಬರ್ತಾಳೆ ಕಣೇ. ಮಾತು ಬಿಟ್ಟು ಒಂಬತ್ತು ವರ್ಷ ಆಗಿತ್ತಂತೆ. ಬೆಳಿಗ್ಗೆಯಿಂದ ಇರೋ ಒಂದು ಶರ್ಟು ಒಗೆದು, ಕಾಲರ್ ಎಳೆದೆಳೆದು ಒಣಗಿಸ್ತಾ ಕೂತಿದ್ರು. ಕುಡಿಯೋದಂತೆ, ಕುಡಿಯೋದು! ಕಾರ್ಖಾನೆ ಮುಚ್ಚಿ ಬೀದಿಗೆ ಬಂದವರು ಅವರು." ನಾನು ಬೀದಿಗೆ ಓಡಿದೆ. ಆ ಬೀದಿ, ಈ ಬೀದಿ, ನಿಲ್ದಾಣದ ಎರಡೂ ಬಾಗಿಲು ನೋಡಿದೆ. ನೀವು ಸಿಗಲಿಲ್ಲ.

ಮರುದಿನ ಹಬ್ಬ. ಹೊಸ ಬಟ್ಟೆ ಉಟ್ಟು ಚರ್ಚಿನಲ್ಲಿ ಮೂರನೇ ಸಾಲಿನಲ್ಲಿ ನಿಂತಿದ್ದೆ. ಹಾಡು ಶುರುವಾಯಿತು, ನನ್ನ ಮನಸ್ಸು ಬಸ್ ನಿಲ್ದಾಣದಲ್ಲಿತ್ತು. ಒಂದೇ ಯೋಚನೆ: ಮಂಗಳವಾರ ಬೇರೆ, ಇವತ್ತು ಊರಿನ ಒಂದು ಕ್ಷೌರದಂಗಡಿಯೂ ತೆರೆದಿರುವುದಿಲ್ಲ, ನಮ್ಮದೂ ಸೇರಿ. ಈ ಮನುಷ್ಯ ಒಂಬತ್ತು ವರ್ಷದ ಮೇಲೆ ಮಗಳಿಗೆ ಅರ್ಧ ಮುಖ ತೋರಿಸಬೇಕು. ಇಲ್ಲವೇ ನಾಚಿಕೆಗೆ ಎಲ್ಲೋ ಅವಿತುಕೊಂಡು, ಅವಳು ಕಾದು ಕಾದು ವಾಪಸು ಹೋಗಬೇಕು. ಎರಡರಲ್ಲಿ ಯಾವುದಾದರೂ ಅದು ನನ್ನ ಕೈಯಾರೆ ಮಾಡಿದ್ದು. ಹಿರಿಯರು ಕಣ್ಣು ಬಿಟ್ಟು ನೋಡುತ್ತಿದ್ದಂತೆಯೇ ಸಾಲು ದಾಟಿ ಹೊರಬಂದೆ. ಅಂಗಡಿಗೆ ಹೋಗಿ ಚೀಲ ತೆಗೆದುಕೊಂಡೆ.

ನೀವು ಸಿಕ್ಕದ್ದು ಬಸ್ ನಿಲ್ದಾಣದ ಹಿಂದಿನ ನಲ್ಲಿಯ ಹತ್ತಿರ. ಒಗೆದ ಶರ್ಟು, ಕಣ್ಣಿನವರೆಗೆ ಸುತ್ತಿಕೊಂಡ ಮಫ್ಲರು. ನನ್ನನ್ನು ನೋಡಿ, "ಏನು, ಮಿಕ್ಕಿದ್ದು ಹೇಳೋಕೆ ಬಂದ್ಯಾ?" ಅಂದಿರಿ. "ಇಲ್ಲ ಅಣ್ಣಾ, ಮಿಕ್ಕಿದ್ದು ತೆಗೆಯೋಕೆ ಬಂದೆ. ತಪ್ಪಾಯ್ತು" ಅಂದೆ. ಆ ಒಂದು ಮಾತು ನಿಮ್ಮ ಬಾಯಿಂದ ಬರಲಿ ಅಂತ ಹಿಂದಿನ ದಿನ ಕತ್ತಿ ಹಿಡಿದು ಕಾದಿದ್ದವಳು ನಾನು. ನೀವು ನನ್ನ ಕೈಯನ್ನು ನೋಡಿದಿರಿ. ಆಮೇಲೆ ಮಫ್ಲರು ಬಿಚ್ಚಿ ಕಲ್ಲುಬೆಂಚಿನ ಮೇಲೆ ಕೂತು ಗದ್ದ ಎತ್ತಿದಿರಿ. ಹಾಗೆ ಮತ್ತೆ ಕುತ್ತಿಗೆ ಒಪ್ಪಿಸಲು ನಿಮಗೆ ಎಷ್ಟು ಧೈರ್ಯ ಬೇಕಾಗಿತ್ತೋ, ನನಗೆ ಈಗಲೂ ಅಚ್ಚರಿ.

ನಲ್ಲಿಯ ತಣ್ಣೀರಿನಲ್ಲಿ ನೊರೆ ಸರಿಯಾಗಿ ಏಳಲಿಲ್ಲ. ನಾನು ತುಟಿ ಎರಡು ಮಾಡಲಿಲ್ಲ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ, ಅಪ್ಪ ಅದನ್ನು ಮೂವತ್ತು ವರ್ಷ ಮಾಡಿದ್ದರು ಎಂದು ಆವತ್ತು ಗೊತ್ತಾಯಿತು. ನೊರೆ ಸಾಲದೆ ಕತ್ತಿ ಜಾರಿ ಗದ್ದದ ಕೆಳಗೆ ಒಂದು ಸಣ್ಣ ಗಾಯ ಮಾಡಿಬಿಟ್ಟೆ. ಪಟಿಕದ ಕಲ್ಲು ಒತ್ತಿದರೂ ರಕ್ತ ಪೂರ್ತಿ ನಿಲ್ಲಲಿಲ್ಲ. ನೀವು ಎದ್ದು ಎರಡೂ ಕೆನ್ನೆ ಸವರಿಕೊಂಡು, ಕುತ್ತಿಗೆಯ ಬಟ್ಟೆ ಬಿಚ್ಚಿ, ಅದೇ ನಾಲ್ಕು ಮಡಿಕೆ ಮಡಚಿ, ಈ ಸಲ ನನ್ನ ಕೈಗೆ ಕೊಟ್ಟಿರಿ. "ಈಗ ಹೇಳಮ್ಮಾ. ಹಬ್ಬ ಬಿಟ್ಟು ಇಲ್ಲಿಗ್ಯಾಕೆ ಬಂದೆ?"

ಬಟ್ಟೆ ಬಿಚ್ಚಿತ್ತು, ನೀವು ಎದ್ದು ನಿಂತಿದ್ದಿರಿ, ನೀವಾಗಿ ಕೇಳಿದ್ದಿರಿ. ಅಪ್ಪ ಹೇಳಿದ ಮೂರೂ ಆಗಿತ್ತು. ಆಗ ನೋಡಿ, ದೇವರು ಕೊಟ್ಟ ಒಳ್ಳೇ ಬಾಯಿ ಕೈಕೊಟ್ಟಿತು! ಅಷ್ಟರಲ್ಲಿ ಬಸ್ಸು ಬಂತು. ಇಳಿದ ಹುಡುಗಿ ಅತ್ತಿತ್ತ ನೋಡಿದಳು. ನೀವು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಿರಿ. ಅವಳೇ ಬಂದಳು. ಒಂಬತ್ತು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ನನಗೆ ಅಲ್ಲಿಗೂ ಕೇಳಿಸಿತು: "ಅಯ್ಯೋ ಅಪ್ಪಾ, ರಕ್ತ ಬರ್ತಿದೆ." ಕರವಸ್ತ್ರ ತೆಗೆದು ನಿಮ್ಮ ಗದ್ದಕ್ಕೆ ಒತ್ತಿ ಹಿಡಿದಳು. ಆ ಕೈಯನ್ನು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ನಾನು ಚೀಲ ಎತ್ತಿಕೊಂಡು ಅಳುತ್ತಾ ಮನೆಗೆ ಬಂದೆ, ಸುಳ್ಳು ಯಾಕೆ ಹೇಳಲಿ.

ಈಗ ಉತ್ತರ. ನಾನು ನಂಬಿದವನು ಸಾಯುವ ಹಿಂದಿನ ದಿನ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಮಂಡಿಯೂರಿ, ಗೆಳೆಯರ ಕಾಲು ತೊಳೆದ. ತನ್ನನ್ನು ಹಿಡಿದುಕೊಡಲಿದ್ದವನ ಕಾಲನ್ನೂ ಬಿಡಲಿಲ್ಲ. ಯಾರ ಕುತ್ತಿಗೆಯನ್ನೂ ಅವನು ಹಿಡಿಯಲಿಲ್ಲ. ಅಪ್ಪ ಅವನನ್ನು ನೋಡಿಯೇ ಕಾಲುಗುರು ತೆಗೆಯುತ್ತಿದ್ದರು. ಅವತ್ತು ಚರ್ಚಿನಲ್ಲಿ ನಾನು ಅವನಿಗಾಗಿ ಹಾಡಲು ನಿಂತಿದ್ದೆ, ಅವನು ಮಾತ್ರ ನಿಮ್ಮ ಎಡಗೆನ್ನೆಯ ಹತ್ತಿರ ಇದ್ದಾನೆ ಎಂದು ಅನ್ನಿಸಿಬಿಟ್ಟಿತು. ಅದಕ್ಕೇ ಬಂದೆ. ಇಷ್ಟೇ ಅಣ್ಣಾ. ಇದಕ್ಕೆ ನೀವು ಹೂಂ ಅನ್ನಬೇಕಾಗಿಲ್ಲ, ಉಹೂಂ ಅಂದರೂ ನನಗೆ ಬೇಸರವಿಲ್ಲ.

ಈ ವಾರ ಮತ್ತೆ ದಿನಾ ಮಧ್ಯಾಹ್ನ ತಂಗುದಾಣಕ್ಕೆ ಹೋಗುತ್ತಿದ್ದೇನೆ. ಬಾಯಿ ಮುಚ್ಚಿಕೊಂಡೇ ಕೆಲಸ ಮಾಡುತ್ತೇನೆ. ಅಡುಗೆಯಮ್ಮ "ಹುಷಾರಾಗಿದ್ದೀಯ ತಾನೇ?" ಎಂದು ಹಣೆ ಮುಟ್ಟಿ ನೋಡುತ್ತಾಳೆ. ನಿಮಗೆ ಹೇಳಬೇಕಾದ್ದನ್ನು ಎದುರಿಗೆ ಬಂದು ಹೇಳದೆ ಕಾಗದದಲ್ಲಿ ಬರೆದದ್ದಕ್ಕೂ ಕಾರಣವಿದೆ. ಈಗ ನನ್ನ ಕೈಯಲ್ಲಿ ಕತ್ತಿಯಿಲ್ಲ, ನಿಮ್ಮ ಕುತ್ತಿಗೆಗೆ ಬಟ್ಟೆಯಿಲ್ಲ. ಎಲ್ಲಿ ಬೇಡವೆನಿಸಿತೋ ಅಲ್ಲಿಗೇ ನಿಲ್ಲಿಸಿ, ನಾಲ್ಕು ಮಡಿಕೆ ಮಡಚಿ, ಎದ್ದು ಹೋಗಬಹುದು. ಇಲ್ಲಿಯವರೆಗೆ ಓದಿದ್ದರೆ, ಅದು ನೀವಾಗಿ ಓದಿದ್ದು.

ಗದ್ದಕ್ಕೆ ಒತ್ತಿದ ಆ ಕೈ ನೀವಿರುವಷ್ಟು ಕಾಲ ನಿಮ್ಮ ಹತ್ತಿರವೇ ಇರಲಿ, ದೇವರು ಇಬ್ಬರನ್ನೂ ಚೆನ್ನಾಗಿಟ್ಟಿರಲಿ.

ಇಂತಿ,
ಗಾಯ ಮಾಡಿದ ನಿಮ್ಮ ತಂಗಿ